ಪಿಪಿ, ಎಪಿಪಿ ಯಾರ ಪರ? ಸರ್ಕಾರಿ ಅಭಿಯೋಜಕರ ಅಧಿಕಾರದ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರಿಮಿನಲ್ ಕೋರ್ಟಿನ ಸರ್ಕಾರಿ ವಕೀಲರ ಬಗ್ಗೆಯೇ ಇವೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೇಸು ನಡೆಸುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎಪಿಪಿ. ಸೆಷನ್ಸ್ ಕೋರ್ಟಿನಲ್ಲಿ ನಡೆಸುವವರು ಸರ್ಕಾರಿ ಅಭಿಯೋಜಕರು, ಅಂದರೆ ಪಿಪಿ. ಕೆಳಗೆ ಕೊಟ್ಟಿರುವ ಕಲಂಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನವು. ಅದಕ್ಕೂ ಮೊದಲೇ ವಿಚಾರಣೆ ಶುರುವಾಗಿದ್ದ ಕೇಸುಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಂತೆಯೇ ಸಾಗುತ್ತವೆ. ಹಾಗಾಗಿ ಅರ್ಜಿ ಹಾಕುವ ಮುನ್ನ ನಿಮ್ಮ ಕೇಸಿಗೆ ಯಾವ ಕಾಯ್ದೆ ಅನ್ವಯಿಸುತ್ತದೆ ಎಂದು ನೋಡಿಕೊಳ್ಳಿ.

ನಮ್ಮ ಅಣ್ಣನ ಮೇಲೆ ಮಾರಣಾಂತಿಕ ಹಲ್ಲೆಯಾಗಿ ಕೇಸು ಸೆಷನ್ಸ್ ಕೋರ್ಟಿನಲ್ಲಿದೆ. ಪಿಪಿಯವರು ನಮ್ಮ ಹತ್ತಿರ ಮಾತೇ ಆಡಿಲ್ಲ. ಅವರನ್ನು ಬಿಟ್ಟು ನಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದೇ? – ತುಮಕೂರಿನ ಓದುಗರು

ಅವರನ್ನು ಬಿಟ್ಟು ಆಗದು, ಅವರ ಜೊತೆಗೆ ಆಗುತ್ತದೆ. ಸೆಷನ್ಸ್ ವಿಚಾರಣೆಯನ್ನು ಪಿಪಿಯೇ ನಡೆಸಬೇಕು ಎಂದು 248ನೇ ಕಲಂ ಹೇಳುತ್ತದೆ. ಅವರು ಪೊಲೀಸರ ವಕೀಲರಲ್ಲ, ನಿಮ್ಮ ಅಣ್ಣನ ವಕೀಲರೂ ಅಲ್ಲ. ರಾಜ್ಯದ ಪರವಾಗಿ ನಿಂತವರು. ಆರೋಪಿಗೆ ಅನುಕೂಲವಾಗುವ ಸಂಗತಿಯಿದ್ದರೂ ಕೋರ್ಟಿನ ಮುಂದಿಡಬೇಕಾದವರು. ಅವರು ನಿಮ್ಮ ಹಗೆಯನ್ನು ತಮ್ಮದಾಗಿಸಿಕೊಳ್ಳುವುದಿಲ್ಲವೆಂದು ಬೇಸರಪಟ್ಟು ಪ್ರಯೋಜನವಿಲ್ಲ.

ನಿಮ್ಮ ವಕೀಲರು 18(8)ನೇ ಕಲಂನಡಿ, ಅಭಿಯೋಜನೆಗೆ ನೆರವಾಗಲು ಅನುಮತಿ ಕೋರಿ ವಕಾಲತ್ತಿನ ಜೊತೆ ಅರ್ಜಿ ಹಾಕಲಿ. ಅನುಮತಿ ಸಿಕ್ಕ ಮೇಲೂ ಅವರು ಎದ್ದು ನಿಂತು ಪಾಟೀಸವಾಲು ಮಾಡುವಂತಿಲ್ಲ, ಮೌಖಿಕ ವಾದವನ್ನೂ ಮಂಡಿಸುವಂತಿಲ್ಲ. ರೇಖಾ ಮುರಾರ್ಕಾ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಕೇಳಬೇಕಾದ ಪ್ರಶ್ನೆ ಏನಾದರೂ ಬಿಟ್ಟುಹೋಗಿದ್ದರೆ ಪಿಪಿಗೆ ಬರೆದು ಕೊಡಬಹುದು. ಸಾಕ್ಷ್ಯ ಮುಗಿದ ನಂತರ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದ ಸಲ್ಲಿಸಬಹುದು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಾದರೆ ಅವಕಾಶ ಇನ್ನೂ ಹೆಚ್ಚು: ಅಲ್ಲಿ 339ನೇ ಕಲಂನಡಿ ಮ್ಯಾಜಿಸ್ಟ್ರೇಟರು ಒಪ್ಪಿದರೆ ನಿಮ್ಮ ವಕೀಲರೇ ಅಭಿಯೋಜನೆ ನಡೆಸಬಹುದು.

ಇದಕ್ಕಿಂತ ಮುಖ್ಯವಾದದ್ದು ಸಾಕ್ಷ್ಯಕ್ಕೆ ದಿನ ನಿಗದಿಯಾಗುವ ಮೊದಲೇ ಪಿಪಿಯವರನ್ನು ಅವರ ಕಚೇರಿಯಲ್ಲಿ ಕಾಣುವುದು. ಕಲಾಪ ನಡೆಯುವಾಗ ವರಾಂಡದಲ್ಲಿ ಹಿಡಿದು ನಿಲ್ಲಿಸಿದರೆ ಅವರಿಗೆ ನಿಮ್ಮ ಕೇಸು ಯಾವುದೆಂದೇ ನೆನಪಾಗುವುದಿಲ್ಲ. ಠಾಣೆಯ ಹೆಸರು, ಅಪರಾಧ ಸಂಖ್ಯೆ, ಸೆಷನ್ಸ್ ಕೇಸಿನ (ಎಸ್.ಸಿ.) ನಂಬರು ಬರೆದುಕೊಂಡು ಹೋಗಿ. ವಕೀಲರ ಮೂಲಕ ಹಾಜರಾದ ಸಂತ್ರಸ್ತರಿಗೂ ಚಾರ್ಜ್‌ಶೀಟಿನ ಪ್ರತಿ ಸಿಗಬೇಕು (230ನೇ ಕಲಂ). ಅದನ್ನು ಪಡೆದು, ಏನು ಸೇರಿಲ್ಲ ಎಂಬುದರ ಪಟ್ಟಿಯನ್ನು ಒಂದೇ ಪುಟದಲ್ಲಿ ಮಾಡಿ ಕೊಡಿ. ಹಲ್ಲೆ ಕೇಸುಗಳಲ್ಲಿ ಎಡವುವುದು ಹೆಚ್ಚಾಗಿ ಎಕ್ಸ್‌ರೇ ವಿಷಯದಲ್ಲಿ. ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಮೂಳೆ ಮುರಿದಿದೆ ಎಂದು ಬರೆದಿರುತ್ತಾರೆ, ಆದರೆ ಫಿಲ್ಮ್ ಆಸ್ಪತ್ರೆಯಲ್ಲೇ ಉಳಿದಿರುತ್ತದೆ. ಅದು ಕೋರ್ಟಿಗೆ ಬಾರದಿದ್ದರೆ ತೀವ್ರ ಗಾಯದ ಆರೋಪ ಸಾಮಾನ್ಯ ಗಾಯಕ್ಕೆ ಇಳಿಯಬಹುದು.

ವಿಶೇಷ ಪಿಪಿಯನ್ನು ಕೇಳುವುದೂ ಒಂದು ದಾರಿ. ಹತ್ತು ವರ್ಷ ವಕೀಲಿಕೆ ಮಾಡಿದವರನ್ನು ಸರ್ಕಾರ ಆ ಒಂದು ಕೇಸಿಗೆಂದೇ ನೇಮಿಸಬಹುದು. ‘ನಂಬಿಕೆ ಇಲ್ಲ’ ಎಂಬ ಒಂದು ಸಾಲಿನ ಮನವಿ ಕಡತದಲ್ಲೇ ಉಳಿಯುತ್ತದೆ. ಕೇಸಿನ ಜಟಿಲತೆ, ಆರೋಪಿಗಳ ಪ್ರಭಾವ, ಸಾಕ್ಷಿಗಳಿಗೆ ಬಂದ ಬೆದರಿಕೆ ಇವನ್ನು ದಾಖಲೆ ಸಮೇತ ಬರೆಯಿರಿ. ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣವಾದರೆ 1995ರ ನಿಯಮಗಳ 4(5)ರಡಿ ಜಿಲ್ಲಾಧಿಕಾರಿಗೇ ಅರ್ಜಿ ಕೊಡಬಹುದು. ನೇಮಕದ ಆದೇಶವನ್ನೂ ಪೂರ್ತಿ ಓದಿ, ನೇಮಿಸಿದವರಿಗೆ ಆ ಅಧಿಕಾರ ಇದೆಯೇ ಎಂದು ನೋಡಿ. ಜಯಲಲಿತಾ ಅವರ ಆಸ್ತಿ ಪ್ರಕರಣ ಬೆಂಗಳೂರಿಗೆ ವರ್ಗವಾಗಿದ್ದರಿಂದ ಹೈಕೋರ್ಟಿನ ಮೇಲ್ಮನವಿಗೆ ವಿಶೇಷ ಪಿಪಿ ನೇಮಿಸುವ ಅಧಿಕಾರ ಕರ್ನಾಟಕಕ್ಕೆ ಮಾತ್ರ ಇತ್ತು. ತಮಿಳುನಾಡು ಮಾಡಿದ ನೇಮಕ ಊರ್ಜಿತವಲ್ಲ ಎಂದು 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮೇಲ್ಮನವಿಯ ವಿಚಾರಣೆ ಮುಗಿದ ಮೇಲೆ.

ದೂರಿನಲ್ಲಿ ಐವರ ಹೆಸರಿತ್ತು, ಚಾರ್ಜ್‌ಶೀಟ್ ಬಂದದ್ದು ಮೂವರ ಮೇಲೆ. ಎಪಿಪಿ ಹೇಳಿ ಇಬ್ಬರನ್ನು ತೆಗೆಸಿದರು ಎನ್ನುತ್ತಾರೆ. – ಕೊಪ್ಪಳ

ಹಾಗೆ ತೆಗೆಸುವ ಅಧಿಕಾರ ಎಪಿಪಿಗೆ ಇಲ್ಲ. ಕರಡು ಚಾರ್ಜ್‌ಶೀಟನ್ನು ಎಪಿಪಿ ಪರಿಶೀಲಿಸಿ ಲೋಪಗಳನ್ನು ತೋರಿಸುವ ರೂಢಿ ಇದೆ, ಅದು ಒಳ್ಳೆಯದೂ ಹೌದು. ಆದರೆ ಯಾರ ಮೇಲೆ ವರದಿ ಸಲ್ಲಿಸಬೇಕೆಂದು ತೀರ್ಮಾನಿಸುವವರು ತನಿಖಾಧಿಕಾರಿ ಮಾತ್ರ. ಪಿಪಿಯ ಅಭಿಪ್ರಾಯ ಪಡೆದೇ ಚಾರ್ಜ್‌ಶೀಟ್ ಹಾಕಿ ಎಂದು ಹೈಕೋರ್ಟ್ ಕೂಡ ಆದೇಶಿಸುವಂತಿಲ್ಲ ಎಂದು ಆರ್. ಸರಳಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಹೇಳಿದೆ.

ನಿಮಗಿರುವ ದಾರಿ ಎರಡು. ಈಗಲೇ ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಅರ್ಜಿ ಹಾಕಿ ಆ ಇಬ್ಬರ ಪಾತ್ರವನ್ನು ತೋರಿಸಬಹುದು. ಇಲ್ಲವೇ ವಿಚಾರಣೆಯಲ್ಲಿ ಸಾಕ್ಷಿಗಳು ಅವರ ಹೆಸರು ಹೇಳಿದ ಮೇಲೆ, ಹಳೆಯ 319ರ ಜಾಗದಲ್ಲಿರುವ 358ನೇ ಕಲಂನಡಿ ಅವರನ್ನು ಆರೋಪಿಗಳಾಗಿ ಕರೆಸಲು ಪಿಪಿಯಿಂದ ಅರ್ಜಿ ಹಾಕಿಸಬಹುದು. ‘ಅವರೂ ಅಲ್ಲಿದ್ದರು’ ಎಂಬಷ್ಟಕ್ಕೆ ಈ ಅರ್ಜಿ ನಿಲ್ಲುವುದಿಲ್ಲ. ಯಾರ ಕೈಯಲ್ಲಿ ಏನಿತ್ತು, ಏಟು ಎಲ್ಲಿಗೆ ಬಿತ್ತು ಎಂಬುದು ಸಾಕ್ಷಿಯ ಬಾಯಲ್ಲಿ ಬಂದಿರಬೇಕು. ತೀರ್ಪು ಬರುವ ತನಕ ಕಾಯಬೇಡಿ.

ಚೆಕ್ ಬೌನ್ಸ್ ಕೇಸಿನಲ್ಲಿ ಎಪಿಪಿ ನಮ್ಮ ಪರ ನಿಲ್ಲುತ್ತಾರೆಯೇ? – ದಾವಣಗೆರೆ

ಇಲ್ಲ. ಅದು ಖಾಸಗಿ ದೂರು, ನಿಮ್ಮ ವಕೀಲರೇ ನಡೆಸಬೇಕು.

ಕಣ್ಣಾರೆ ಕಂಡ ಎಂಟು ಜನರ ಪೈಕಿ ಪಿಪಿ ಮೂವರನ್ನಷ್ಟೇ ಕರೆಸಿದರು. ಅದರಲ್ಲೂ ಒಬ್ಬ ಉಲ್ಟಾ ಹೊಡೆದ. ಕೇಸು ಬಿದ್ದಂತೆಯೇ? – ವಿಜಯಪುರ

ಎಂಟೂ ಜನರನ್ನು ಕರೆಸಲೇಬೇಕೆಂಬ ನಿಯಮವಿಲ್ಲ. ಸಾಕ್ಷಿಗಳು ಇಷ್ಟೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ಒಬ್ಬ ನಂಬಲರ್ಹನಾದರೂ ಶಿಕ್ಷೆಯಾಗಬಹುದು. ಅದೇ ಮಾತನ್ನು ಐದು ಜನರ ಬಾಯಲ್ಲಿ ಹೇಳಿಸಿದರೆ ಸಣ್ಣಪುಟ್ಟ ವ್ಯತ್ಯಾಸಗಳು ಹೆಚ್ಚಿ ಪಾಟೀಸವಾಲಿನಲ್ಲಿ ಎದುರಾಳಿಗೇ ಲಾಭ ಎಂದು ಅನುಭವಿ ಪಿಪಿಗಳು ಕೆಲವರನ್ನು ಕೈಬಿಡುತ್ತಾರೆ. ಇದು ಅವರ ವಿವೇಚನೆಗೆ ಸೇರಿದ ವಿಷಯ. ಆದರೆ ಗಾಯಗೊಂಡ ಸಾಕ್ಷಿಯನ್ನೇ ಬಿಟ್ಟಿದ್ದರೆ ಸುಮ್ಮನಿರಬೇಡಿ. ಅವರನ್ನು ಕರೆಸುವಂತೆ 348ನೇ ಕಲಂನಡಿ ಅರ್ಜಿ ಹಾಕಲು ಪಿಪಿಗೆ ಬರೆದು ಕೊಡಿ. ಈ ಅಧಿಕಾರವನ್ನು ಕೋರ್ಟ್ ತಾನಾಗಿಯೂ ಬಳಸಬಹುದು.

ಸಾಕ್ಷಿ ಪ್ರತಿಕೂಲವಾದ ಮಾತ್ರಕ್ಕೆ ಅವನು ಹೇಳಿದ್ದೆಲ್ಲ ಅಳಿಸಿಹೋಗುವುದಿಲ್ಲ. ಬೇರೆ ಸಾಕ್ಷ್ಯಕ್ಕೆ ತಾಳೆಯಾಗುವ ಭಾಗವನ್ನು ಕೋರ್ಟ್ ಉಳಿಸಿಕೊಳ್ಳಬಹುದು. ಪಿಪಿಯ ಕುಶಲತೆ ಗೊತ್ತಾಗುವುದು ಇಲ್ಲೇ. ಅವರು ಕೋರ್ಟಿನ ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟೀಸವಾಲು ಹಾಕಬೇಕು. ಪೊಲೀಸರ ಮುಂದೆ ಹಿಂದೆ ಕೊಟ್ಟ ಹೇಳಿಕೆಯಲ್ಲಿ ವ್ಯತಿರಿಕ್ತವಾಗಿರುವ ಆ ಸಾಲುಗಳನ್ನೇ ಓದಿ ಹೇಳಿ, ಗುರುತು ಹಾಕಿಸಬೇಕು. ಆಮೇಲೆ ತನಿಖಾಧಿಕಾರಿ ಸಾಕ್ಷಿಕಟ್ಟೆಗೆ ಬಂದಾಗ ‘ಈ ಸಾಕ್ಷಿ ನನ್ನ ಮುಂದೆ ಹೀಗೆಯೇ ಹೇಳಿದ್ದ’ ಎಂದು ಅವರಿಂದ ಹೇಳಿಸಬೇಕು. ಈ ಕೊನೆಯ ಹಂತವೇ ಹೆಚ್ಚಾಗಿ ತಪ್ಪಿಹೋಗುವುದು. ಕೆಲವೊಮ್ಮೆ ಆ ಹೊತ್ತಿಗೆ ಪಿಪಿಯೇ ಬದಲಾಗಿರುತ್ತಾರೆ, ಮೊದಲಿನವರು ಏನು ಗುರುತು ಹಾಕಿಸಿದ್ದರೆಂದು ಹೊಸಬರು ನೋಡಿರುವುದಿಲ್ಲ. ನಿಮ್ಮ ವಕೀಲರು ಕಣ್ಣಿಡಬೇಕಾದ ದಿನ ಅದು.

ಪೊಲೀಸರು ಬರೆದುಕೊಂಡ ಹೇಳಿಕೆ ಸಾಕ್ಷಿಯ ಮಾತನ್ನು ಖಂಡಿಸಲು ಮಾತ್ರ ಬರುತ್ತದೆ, ಅದರಿಂದಲೇ ಅಪರಾಧ ಸಾಬೀತಾಗದು. ಈಗ ಹತ್ತು ವರ್ಷ ಅಥವಾ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು ಎಂದು 183ನೇ ಕಲಂ ಹೇಳುತ್ತದೆ. ತನಿಖೆಯ ಹಂತದಲ್ಲೇ ಇದನ್ನು ಕೇಳಿ ಮಾಡಿಸಿಕೊಂಡರೆ, ಮುಂದೆ ಮಾತು ಬದಲಿಸಲು ಸಾಕ್ಷಿ ಹಿಂಜರಿಯುತ್ತಾನೆ.

ಬೆದರಿಕೆಗೆ ಹೆದರಿ ಉಲ್ಟಾ ಹೊಡೆದಿದ್ದರೆ ಉಳಿದವರಿಗಾದರೂ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿ. ಅದರ ಜಿಲ್ಲಾ ಸಮಿತಿಗೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲೆಯ ಅಭಿಯೋಜನಾ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಕೊಡಬೇಕಾದದ್ದು ಈ ಕಾರ್ಯದರ್ಶಿಯ ಮೂಲಕ. ಪೊಲೀಸರು ಐದು ಕೆಲಸದ ದಿನಗಳೊಳಗೆ ಬೆದರಿಕೆಯ ವರದಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು ಮೀರುವುದಿಲ್ಲ, ಅವಧಿ ಮುಗಿಯುವ ಮುನ್ನ ಮತ್ತೆ ಕೇಳಬೇಕು.

ಸರ್ಕಾರ ಬದಲಾದಾಗಲೆಲ್ಲ ‘ಕೇಸು ವಾಪಸ್’ ಎಂಬ ಸುದ್ದಿ ಬರುತ್ತದೆ. ಸಂಪುಟ ತೀರ್ಮಾನಿಸಿದರೆ ಕೇಸು ಮುಗಿಯಿತೇ? – ಮೈಸೂರು

ಮುಗಿಯುವುದಿಲ್ಲ. 360ನೇ ಕಲಂ, ಅಂದರೆ ಹಳೆಯ 321, ಹಿಂಪಡೆಯುವ ಅಧಿಕಾರವನ್ನು ಕೊಟ್ಟಿರುವುದು ಪಿಪಿ ಅಥವಾ ಎಪಿಪಿಗೆ, ಸರ್ಕಾರಕ್ಕಲ್ಲ. ಅದಕ್ಕೂ ಕೋರ್ಟಿನ ಸಮ್ಮತಿ ಬೇಕು. ಸರ್ಕಾರ ಶಿಫಾರಸು ಮಾಡಬಹುದು. ಪಿಪಿ ಕಡತ ಓದಿ, ಹಿಂಪಡೆಯುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದೆಂದು ತಮಗೇ ಮನವರಿಕೆಯಾದರೆ ಅರ್ಜಿ ಹಾಕಬೇಕು. ಆಗದಿದ್ದರೆ ಸರ್ಕಾರಕ್ಕೆ ಹಾಗೆಂದು ಬರೆದು ಸುಮ್ಮನಾಗಬೇಕು. ಕಾನೂನು ಇವರಿಗೆ ಕೊಟ್ಟಿರುವ ಅತಿ ದೊಡ್ಡ ಅಧಿಕಾರ ಇದೇ. ಅತಿ ಕಡಿಮೆ ಸ್ವತಂತ್ರವಾಗಿ ಬಳಕೆಯಾಗುವುದೂ ಇದೇ ಎನ್ನದೆ ವಿಧಿಯಿಲ್ಲ. ಪಿಪಿಯನ್ನು ನೇಮಿಸುವುದೂ ಮುಂದುವರಿಸುವುದೂ ಅದೇ ಸರ್ಕಾರ ತಾನೇ.

ಕನ್ನಡಿಗರು ಇದನ್ನು ಹತ್ತಿರದಿಂದ ಕಂಡದ್ದು 2000ದಲ್ಲಿ. ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಒಂದು, ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಕೇಸಿನಲ್ಲಿ ಸೆರೆಯಲ್ಲಿದ್ದವರ ಬಿಡುಗಡೆ. ರಾಜ್ಯ ಹೊತ್ತಿ ಉರಿಯಬಹುದೆಂಬ ಆತಂಕದಲ್ಲಿ ಸರ್ಕಾರ ಒಪ್ಪಿತು, ವಿಶೇಷ ಪಿಪಿ ಟಾಡಾ ಆರೋಪ ಹಿಂಪಡೆಯಲು ಅರ್ಜಿ ಹಾಕಿದರು, ಮೈಸೂರಿನ ಟಾಡಾ ಕೋರ್ಟ್ ಸಮ್ಮತಿಸಿತು. ವೀರಪ್ಪನ್ ಬಳಗ ಕೊಂದಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಅಬ್ದುಲ್ ಕರೀಂ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ನವೆಂಬರ್ 7ರಂದು ಆ ಸಮ್ಮತಿ ರದ್ದಾಯಿತು. ಪಿಪಿ ಸ್ವತಂತ್ರವಾಗಿ ವಿವೇಚಿಸಿ ತೃಪ್ತರಾಗಿದ್ದಾರೆಯೇ ಎಂಬುದನ್ನು ಕೋರ್ಟ್ ನೋಡಲೇಬೇಕು, ಸರ್ಕಾರದ ತೀರ್ಮಾನಕ್ಕೆ ಸಹಿ ಹಾಕಿದರೆ ಸಾಲದು ಎಂಬುದು ತೀರ್ಪಿನ ತಿರುಳು. ಎಂಟು ದಿನಗಳ ಬಳಿಕ, ನವೆಂಬರ್ 15ರಂದು, ರಾಜ್‌ಕುಮಾರ್ ಕಾಡಿನಿಂದ ಮರಳಿದರು.

ಇಷ್ಟಾದರೂ ರೂಢಿ ಬದಲಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 43 ಕ್ರಿಮಿನಲ್ ಪ್ರಕರಣ ಹಿಂಪಡೆಯಲು ಹೊರಡಿಸಿದ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದುಮಾಡಿತು. ಹಾಲಿ, ಮಾಜಿ ಸಂಸದರು ಮತ್ತು ಶಾಸಕರ ಮೇಲಿನ ಕೇಸುಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂಪಡೆಯಬಾರದೆಂದು 2021ರ ಆಗಸ್ಟ್‌ನಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ.

ನೀವು ಸಂತ್ರಸ್ತರಾಗಿದ್ದರೆ ಹೊಸ ಕಾಯ್ದೆ ಕೊಟ್ಟಿರುವ ಒಂದು ಹಕ್ಕನ್ನು ಬಿಡಬೇಡಿ: ನಿಮ್ಮ ಮಾತು ಕೇಳದೆ ಕೋರ್ಟ್ ಹಿಂಪಡೆತಕ್ಕೆ ಸಮ್ಮತಿಸುವಂತಿಲ್ಲ. ಆಕ್ಷೇಪಣೆಯಲ್ಲಿ ರಾಜಕೀಯ ಬೈಗುಳ ಬೇಡ. ಪಿಪಿಯ ಅರ್ಜಿಯಲ್ಲಿ ಸ್ವಂತ ಕಾರಣಗಳಿವೆಯೋ, ಸರ್ಕಾರಿ ಆದೇಶದ ಸಾಲುಗಳೇ ಮರಳಿ ಬಂದಿವೆಯೋ ಹೋಲಿಸಿ ತೋರಿಸಿ. ಆರೋಪ ಹೊರಿಸುವ ಮೊದಲು ಹಿಂಪಡೆದರೆ ಆರೋಪಿ ಬಿಡುಗಡೆ, ಹೊರಿಸಿದ ನಂತರವಾದರೆ ಖುಲಾಸೆ. ಖುಲಾಸೆಯಾದರೆ ಅದೇ ಕೃತ್ಯಕ್ಕೆ ಮತ್ತೆ ವಿಚಾರಣೆ ಇಲ್ಲ. ಹಾಗಾಗಿ ತಡಮಾಡಬೇಡಿ.

ಆರೋಪಿಗಳು ಖುಲಾಸೆಯಾದರು. ಪಿಪಿ ಮೇಲ್ಮನವಿ ಹಾಕುವುದಿಲ್ಲ ಎನ್ನುತ್ತಾರೆ. – ಶಿರಸಿ

ಪಿಪಿ ಕೊಡುವುದು ಅಭಿಪ್ರಾಯ. ಅದು ಅಭಿಯೋಜನಾ ನಿರ್ದೇಶನಾಲಯದ ಮೂಲಕ ಸರ್ಕಾರಕ್ಕೆ ಹೋಗಿ ಅಲ್ಲಿ ತೀರ್ಮಾನವಾಗುತ್ತದೆ. ಆದರೆ ನೀವು ಅದಕ್ಕೆ ಕಾಯಬೇಕಿಲ್ಲ. ಸಂತ್ರಸ್ತರು 413ನೇ ಕಲಂನಡಿ ತಾವೇ ಮೇಲ್ಮನವಿ ಹಾಕಬಹುದು, ಅದಕ್ಕೆ ಹೈಕೋರ್ಟಿನ ವಿಶೇಷ ಅನುಮತಿಯೂ ಬೇಡ ಎಂದು ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಖುಲಾಸೆ ಆದಾಗ, ಕಡಿಮೆ ಗಂಭೀರ ಅಪರಾಧಕ್ಕೆ ಮಾತ್ರ ಶಿಕ್ಷೆಯಾದಾಗ, ಪರಿಹಾರ ಸಾಲದಾದಾಗ ಈ ಹಕ್ಕು ಇದೆ. ಶಿಕ್ಷೆಯ ಪ್ರಮಾಣ ಕಡಿಮೆಯಾಯಿತೆಂದು ಮೇಲ್ಮನವಿ ಹಾಕುವ ಅಧಿಕಾರ ಮಾತ್ರ ಸರ್ಕಾರದ್ದು. ತೀರ್ಪು ಬಂದ ವಾರದಲ್ಲೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ.

ನನ್ನ ಮಗ ಆರೋಪಿ. ಅವನು ಆ ಹೊತ್ತಿಗೆ ಅಂಗಡಿಯಲ್ಲಿದ್ದ ಎಂದು ಅಂಗಡಿಯವರು ಪೊಲೀಸರಿಗೆ ಹೇಳಿದ್ದರು. ಆ ಹೇಳಿಕೆ ಚಾರ್ಜ್‌ಶೀಟಿನಲ್ಲೇ ಇಲ್ಲ. – ಹಾಸನ

ತನಿಖೆಯಲ್ಲಿ ಸಂಗ್ರಹಿಸಿಯೂ ಅಭಿಯೋಜನೆ ಅವಲಂಬಿಸದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನು ಆರೋಪಿಗೆ ಕೊಡಬೇಕೆಂದು ಪೊನ್ನುಸಾಮಿ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ಪಟ್ಟಿಗಾಗಿ ನಿಮ್ಮ ವಕೀಲರು ಕೋರ್ಟಿನಲ್ಲಿ ಅರ್ಜಿ ಹಾಕಲಿ. ಅದರಲ್ಲಿ ಅಂಗಡಿಯವರ ಹೇಳಿಕೆ ಕಂಡರೆ 94ನೇ ಕಲಂನಡಿ ತರಿಸಲು ಕೇಳಿ. ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಪಟ್ಟಿ ಸಿಗುವವರೆಗೂ ಕಾಯಬೇಡಿ. ಡಿವಿಆರ್‌ನಲ್ಲಿ ಜಾಗ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ದೃಶ್ಯ ಅಳಿಸದಂತೆ ಕಾಯ್ದಿಡಲು ಅಂಗಡಿಯವರಿಗೆ ಇಂದೇ ಬರೆದು ಕೊಡಿ, ಮುಂದಿನ ವಾಯಿದೆಯಲ್ಲಿ ಅದನ್ನು ತರಿಸಲು ಅರ್ಜಿ ಹಾಕಿ. ಪೆನ್‌ಡ್ರೈವಿಗೆ ನಕಲು ಮಾಡಿಸುವಾಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂನಡಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನೂ ಜೊತೆಗೇ ಪಡೆಯಿರಿ. ಅದಿಲ್ಲದೆ ಹಾಜರುಪಡಿಸಿದ ಪೆನ್‌ಡ್ರೈವ್‌ಗೆ ಎದುರಾಗುವ ಮೊದಲ ಆಕ್ಷೇಪಣೆ ಪಿಪಿಯವರದೇ ಆಗಿರುತ್ತದೆ.