ಹಾಲಿ ಸಿಕ್ಕಾ ಹರಾಜಿನಾಗ ತಗೋಬೇಕೋ, ಡೀಲರ್ ಹತ್ರಾನೋ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾ ಕಲಬುರಗಿಯಾಗ ಸಾಲಿ ಮಾಸ್ತರ ಇದ್ದೀನಿ. ನಮ್ಮ ಮುತ್ಯಾನ ಟ್ರಂಕಿನಾಗ ಚಾರ್‌ಮಿನಾರ್ ಚಿತ್ರ ಇರೋ ಬೆಳ್ಳಿ ರೂಪಾಯಿ ನಾಕು ಸಿಕ್ಕಾವ, ಅವನ್ನ ನೋಡಿದಾಗಿಂದ ಹಾಲಿ ಸಿಕ್ಕಾ, ಅಂದ್ರ ನಿಜಾಮರ ಹೈದರಾಬಾದ್ ಸಂಸ್ಥಾನದ ಸ್ವಂತ ನಾಣ್ಯ, ಅದರದ್ದು ಒಂದು ಸೆಟ್ ಮಾಡಬೇಕು ಅಂತ ಹುಚ್ಚು ಹತ್ಯಾದ. ಮೊಬೈಲಿನಾಗ ಆನ್‌ಲೈನ್ ಆಕ್ಷನ್ ನೋಡ್ಲತ್ತೀನಿ, ಅಲ್ಲಿ ಸ್ಟಾರ್ಟಿಂಗ್ ಬಿಡ್ ಭಾಳ ಕಡಿಮಿ ಇರ್ತದ. ಹೈದರಾಬಾದಿನಾಗ ಹಳೇ ಡೀಲರ್ ಒಬ್ಬರನ್ನ ಕೇಳಿದ್ರ ಅವರು ಅದಕ್ಕಿಂತ ಜಾಸ್ತಿ ರೇಟ್ ಹೇಳ್ತಾರ. ಪಗಾರದ ಮನಷಾ ನಾನು, ಯಾವ ಕಡಿ ಹೋಗ್ಲಿ?

ಉತ್ತರ: ಮಾಸ್ತರೇ, ಮೊದಲಿನ ಸಿಕ್ಕಾ ಡೀಲರ್ ಹತ್ರಾನೇ ತಗೋರಿ. ಹರಾಜು ಆಮ್ಯಾಲ, ಅದೂ ಕೆಲವು ಸಿಕ್ಕಾಗಳಿಗೆ ಮಾತ್ರ.

ಮೊದಲು ಆ ಸ್ಟಾರ್ಟಿಂಗ್ ಬಿಡ್ ವಿಷಯ ತಲಿಯಾಗಿಂದ ತೆಗೀರಿ, ಅದು ರೇಟೇ ಅಲ್ಲ, ಮಂದಿ ಬರ್ಲಿ ಅಂತ ಇಟ್ಟಿದ್ದು. ನೀವು ಹೋಲಿಸಿ ನೋಡಬೇಕಾಗಿದ್ದು ಕಡೀಕ ನಿಮ್ಮ ಮನಿ ಬಾಗಲಿಗೆ ಸಿಕ್ಕಾ ಬಂದಾಗ ಎಷ್ಟು ರೊಕ್ಕ ಹೋಗ್ಯಾದ ಅನ್ನೋದು. ಹರಾಜು ಕಂಪನಿಯವರು ಗೆದ್ದ ಬಿಡ್ ಮ್ಯಾಲ ಬಯರ್ಸ್ ಪ್ರೀಮಿಯಂ ಅಂತ ಶೇಕಡಾ ಇಷ್ಟು ಅಂತ ಹಚ್ಚತಾರ, ಅದು ಒಬ್ಬೊಬ್ಬರದು ಒಂದೊಂದು ನಮೂನಿ, ಅದರ ಮ್ಯಾಲ ಜಿಎಸ್‌ಟಿ, ಆಮ್ಯಾಲ ಕೊರಿಯರ್, ಇನ್ಶೂರೆನ್ಸ್. ಉದಾಹರಣೆಗೆ 3,000ಕ್ಕ ಗೆದ್ದ್ರಿ ಅಂತ ಹಿಡ್ಕೋರಿ, ಪ್ರೀಮಿಯಂ 15 ಪರ್ಸೆಂಟ್ ಇದ್ರ ಅಲ್ಲೇ 3,450 ಆಯ್ತು, ಟ್ಯಾಕ್ಸು ಕೊರಿಯರ್ ಸೇರಿದ್ರ 3,600 ದಾಟಿಬಿಡ್ತದ. ಡೀಲರ್ 3,500 ಅಂದಿದ್ದ್ರ ಅವರೇ ಸಸ್ತಾ ಆದ್ರಲ್ಲ! ಟರ್ಮ್ಸ್ ಅಂಡ್ ಕಂಡೀಷನ್ಸ್ ಅಂತ ಸಣ್ಣ ಅಕ್ಷರದಾಗ ಇರ್ತದಲ್ಲ, ಅದನ್ನ ಬಿಡ್ ಹಾಕೋಕಿಂತ ಮೊದ್ಲು ಪೂರ್ತಿ ಓದ್ರಿ.

ಇನ್ನೊಂದು, ಹರಾಜಿನಾಗ ರೇಟ್ ನಿಂದ್ರೋದು ಎರಡನೇ ನಂಬರಿನವ ಎಲ್ಲಿ ಕೈ ಬಿಡ್ತಾನ ಅನ್ನೋದರ ಮ್ಯಾಲ. ಒಂದೇ ಸಿಕ್ಕಾಕ್ಕ ಇಬ್ಬರು ಹಟಕ್ಕ ಬಿದ್ದ್ರ ಅಂಗಡಿ ರೇಟಿನ ಎರಡು ಪಟ್ಟಿಗೂ ಹೋಗ್ತದ, ರಾತ್ರಿ ಕಡೀ ಎರಡು ಮಿನಿಟಿನಾಗ ಬಟನ್ ಒತ್ತೋರಿಗೆ ಅದು ಗೊತ್ತೇ ಆಗಂಗಿಲ್ಲ. ಅಂಥ ಕಡಿ ಕೆಲವು ಸಲ ಮಾರೋನ ಮಂದಿನೇ ಸುಳ್ಳು ಬಿಡ್ ಹಾಕಿ ಏರಿಸ್ತಾರ ಅನ್ನೋದೂ ಈ ಧಂಧೆಯಾಗ ಎಲ್ಲರಿಗೂ ಗೊತ್ತಿದ್ದ ಮಾತು.

ಆದ್ರ ರೊಕ್ಕದಕಿಂತ ದೊಡ್ಡ ಕಾರಣ ಬ್ಯಾರೆ ಅದ, ನಿಮ್ಮ ಕೈಗೆ ಇನ್ನಾ ಸಿಕ್ಕಾ ಪರಿಚಯ ಆಗಿಲ್ಲ. ನಮ್ಮ ಎಪಿಎಂಸಿಯಾಗ ತೊಗರಿ ತಗೊಳ್ಳೋರು ಚೀಲದಾಗ ಕೈ ಹಾಕಿ ಒಂದು ಹಿಡಿ ಕಾಳು ತಿಕ್ಕಿ ನೋಡದೇ ರೇಟ್ ಹೇಳ್ತಾರೇನ್ರಿ? ಫೋಟೋದಾಗ ತೂಕ ಕಾಣಂಗಿಲ್ಲ, ಅಂಚು ಕಾಣಂಗಿಲ್ಲ, ಬ್ರಾಸೋ ಹಚ್ಚಿ ತಿಕ್ಕಿದ್ದಾರೋ ಇಲ್ಲೋ ಅನ್ನೋದೂ ಲೈಟಿಂಗಿನಾಗ ಮುಚ್ಚಿ ಹೋಗ್ತದ. ಅಂಗಡಿಯಾಗ ಇವೆಲ್ಲ ಕೈಯಾಗ ಹಿಡಿದು ನೋಡಬಹುದು, ಒಂದು ತಾಸು ಕುಂತು ಹತ್ತು ಸಿಕ್ಕಾ ನೋಡಿ ಒಂದೇ ತಗೊಂಡ್ರೂ ಒಳ್ಳೇ ಡೀಲರ್ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಅವರು ಹೇಳೋ ಜಾಸ್ತಿ ರೇಟಿನಾಗ ಈ ಕಲಿಕೆದ ಫೀಸೂ ಸೇರ್ಯಾದ ಅಂತ ತಿಳ್ಕೋರಿ, ಮತ್ತ ನಾಳೆ ಸಿಕ್ಕಾ ನಕಲಿ ಅಂತ ಆದ್ರ ಹೋಗಿ ಕೇಳಲಿಕ್ಕ ಒಂದು ಬಾಗಲು, ಒಂದು ಮುಖ ಇರ್ತದಲ್ಲ, ಅದರ ಕಿಮ್ಮತ್ತೂ ಅದರಾಗೇ ಅದ.

ನಿಮ್ಮ ಮುತ್ಯಾನ ನಾಕು ಸಿಕ್ಕಾ ಅವಲ್ಲ, ಅವೇ ನಿಮ್ಮ ಮೊದಲ ಪಾಠ. 0.01 ಗ್ರಾಂ ತನಕ ತೋರ್ಸೋ ಸಣ್ಣ ಡಿಜಿಟಲ್ ತಕ್ಕಡಿ ಒಂದು ತರಿಸ್ಕೊಂಡು ತೂಗ್ರಿ. ಹಾಲಿ ಸಿಕ್ಕಾ ರೂಪಾಯಿ ತೂಕ 11.18 ಗ್ರಾಂ ಇರಬೇಕು, ಎಂಟಾಣೆದು ಅದರ ಅರ್ಧ, ನಾಕಾಣೆದು ಕಾಲು. ಸವೆದಿದ್ದ್ರ ಸ್ವಲ್ಪ ಕಡಿಮಿ ಬರ್ತದ, ಜಾಸ್ತಿ ಬಂದ್ರ ಅನುಮಾನ ಮಾಡ್ರಿ. ಬೆಳ್ಳಿ 81.8 ಪರ್ಸೆಂಟ್, ಅಂದ್ರ ಒಂದು ರೂಪಾಯಿಯಾಗ 9.14 ಗ್ರಾಂ ಶುದ್ಧ ಬೆಳ್ಳಿ. ಬ್ರಿಟಿಷರ ಕಲದಾರ ರೂಪಾಯಿ ಬ್ಯಾರೆ, ಅದು 11.66 ಗ್ರಾಂ, 91.7 ಪರ್ಸೆಂಟ್ ಬೆಳ್ಳಿ, ಅದೂ 1939ರ ತನಕ ಮಾತ್ರ, 1940ರಿಂದ ಅದರಾಗ ಬೆಳ್ಳಿ 50 ಪರ್ಸೆಂಟಿಗೆ ಇಳೀತು. ಈ 9.14 ಅನ್ನ ಇವತ್ತಿನ ಬೆಳ್ಳಿ ಗ್ರಾಂ ರೇಟಿಗೆ ಗುಣಿಸ್ರಿ, ಬರೋ ಮೊತ್ತ ಆ ಸಿಕ್ಕಾದ ತಳದ ಬೆಲಿ. ಆನ್‌ಲೈನಿನಾಗ ಯಾವನಾದ್ರೂ ಅದಕ್ಕಿಂತ ಕಡಿಮಿಗೆ ಈಗಿಂದೀಗ ತಗೋರಿ ಅಂತ ಕೊಡ್ಲತ್ತಾನ ಅಂದ್ರ ಮುಟ್ಟಬ್ಯಾಡ್ರಿ, ಅಸಲಿ ಬೆಳ್ಳಿ ಇದ್ದ್ರ ಸರಾಫನ ಹತ್ರ ಕರಗಿಸಿದ್ರೂ ಅವನಿಗೆ ಹೆಚ್ಚು ಸಿಗ್ತಿತ್ತು.

ನೀರಿನ ಪರೀಕ್ಷೆನೂ ಮನಿಯಾಗೇ ಮಾಡಬಹುದು. ತಕ್ಕಡಿ ಮ್ಯಾಲ ನೀರಿನ ಲೋಟ ಇಟ್ಟು ಸೊನ್ನಿ ಮಾಡ್ರಿ, ಸಿಕ್ಕಾಕ್ಕ ಸಣ್ಣ ದಾರ ಕಟ್ಟಿ ತಳಕ್ಕ, ಗೋಡಿಗೆ ಎಲ್ಲೂ ತಾಗದಂಗ ನೀರಾಗ ಪೂರ್ತಿ ಮುಳುಗಿಸಿ ಹಿಡೀರಿ. ಹಾಲಿ ರೂಪಾಯಿ ಆದ್ರ ತಕ್ಕಡಿ 1.10 ಗ್ರಾಂ ಹತ್ರ ತೋರಿಸ್ತದ. ಹಿತ್ತಾಳಿ, ಜರ್ಮನ್ ಸಿಲ್ವರ್ ಮ್ಯಾಲ ಪಾಲಿಶ್ ಮಾಡಿ ಅಷ್ಟೇ ತೂಕ ಮಾಡಿದ್ದು ಇದ್ರ 1.3ರ ಸುತ್ತ ಬರ್ತದ. ಆದ್ರ ಇದೊಂದನ್ನೇ ನಂಬಿ ಕುಂದ್ರಬ್ಯಾಡ್ರಿ, ಈಗೀಗ ಬೆಳ್ಳಿಯಾಗೇ ನಕಲಿ ಮಾಡ್ಲತ್ತಾರ, ಅವು ಈ ಪರೀಕ್ಷೆ ಪಾಸ್ ಆಗ್ತಾವ. ಅಲ್ಲಿ ಕಣ್ಣೇ ಬೇಕು. ಎರಕ ಹೊಯ್ದ ನಕಲಿ ಇದ್ರ ಅಕ್ಷರದ ಮೂಲಿಗಳು ಸಾಬಾನು ಕರಗಿದಂಗ ಮೆತ್ತಗ ಇರ್ತಾವ, ಮೈ ಮ್ಯಾಲ ಸಣ್ಣ ಗುಳ್ಳಿ, ಅಂಚಿನ ಮ್ಯಾಲ ಜೋಡಿಸಿದ ಗೆರಿ ಕಾಣ್ತದ.

ಚಾರ್‌ಮಿನಾರ್ ಸಿಕ್ಕಾದಾಗ ನೋಡಲೇಬೇಕಾದ್ದು ನಡುವಿನ ಬಾಗಲು. ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಾಗ, 1903ರ ಸುಮಾರಿಗೆ, ಮಷೀನಿನ ಮ್ಯಾಲ ಚಾರ್‌ಮಿನಾರ್ ರೂಪಾಯಿ ಹೊಡೀಲಿಕ್ಕ ಶುರು ಮಾಡಿದ್ರು, ಅವುಗಳ ಬಾಗಲದಾಗ ಮಹಬೂಬ್ ಅನ್ನೋ ಹೆಸರಿನ ಮೊದಲ ಉರ್ದು ಅಕ್ಷರ ಮೀಮ್ ಇರ್ತದ. 1911ರಾಗ ಮೀರ್ ಉಸ್ಮಾನ್ ಅಲಿ ಖಾನ್ ಬಂದ ಮ್ಯಾಲ ಅದೇ ಜಾಗಾದಾಗ ಉಸ್ಮಾನ್ ಹೆಸರಿನ ಮೊದಲ ಅಕ್ಷರ ಐನ್ ಬಂತು, ಮೊದಮೊದಲು ಅರ್ಧ ಐನ್, ಆಮ್ಯಾಲ ಪೂರ್ತಿ ಐನ್. ದೂರದಿಂದ ಎಲ್ಲಾ ಒಂದೇ ನಮೂನಿ ಕಾಣ್ತಾವ, ರೇಟ್ ಮಾತ್ರ ಒಂದೇ ಇರಂಗಿಲ್ಲ. ಇನ್ನು ಒಂದು ಕಡಿ ಹಿಜ್ರಿ ಇಸ್ವಿ, ಇನ್ನೊಂದು ಕಡಿ ಗಾದಿ ಏರಿ ಎಷ್ಟನೇ ವರ್ಷ ಅಂತ ಇರ್ತದ, ಎರಡೂ ತಾಳಿ ಆಗಬೇಕು. ಉಸ್ಮಾನ್ ಅಲಿ ಖಾನ್ ಗಾದಿಗೆ ಬಂದಿದ್ದು ಹಿಜ್ರಿ 1329, ಹಂಗಾದ್ರ 1337ರ ಸಿಕ್ಕಾ ಮ್ಯಾಲ 8 ಇಲ್ಲಾ 9 ಇರಬೇಕು, 15 ಇತ್ತಂದ್ರ ಹಿಂದ ಸರೀರಿ. ಉರ್ದು ಅಂಕಿ ಓದೋರು ನಮ್ಮ ಊರಾಗ ಓಣಿಗೊಬ್ಬರು ಅದಾರ, ಒಂದು ಸಂಜಿ ಕುಂತ್ರ ಕಲೀಬಹುದು.

ಇನ್ನು ಯಾವ ಡೀಲರ್? ಬರೇ ಹಳೇ ದುಕಾನ ಅಂತ ನಂಬಬ್ಯಾಡ್ರಿ. ಬಿಲ್ ಕೊಡ್ಬೇಕು, ಬಿಲ್ಲಿನಾಗ ಸಿಕ್ಕಾದ ಹೆಸರು, ಇಸ್ವಿ, ತೂಕ ಬರೀಬೇಕು, ನಕಲಿ ಅಂತ ತಿಳಿದ್ರ ವಾಪಸ್ ತಗೋತೀನಿ ಅಂತ ಬರದು ಕೊಡ್ಬೇಕು. ನಿಮ್ಮ ತಕ್ಕಡಿ ತೆಗೆದಾಗ ಮುಖ ಗಂಟು ಹಾಕಿದ್ರ ಎದ್ದು ಬರ್ರಿ. ನೂರು ವರ್ಷ ದಾಟಿದ ಸಿಕ್ಕಾ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಪ್ರಾಚ್ಯವಸ್ತುನೇ, ಅದರ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು, ಕೇಳ್ಲಿಕ್ಕ ಸಂಕೋಚ ಬ್ಯಾಡ. ಮಹಬೂಬ್ ಅಲಿ ಖಾನರ ಸಿಕ್ಕಾ ಎಲ್ಲಾ ಈಗ ಈ ಲೆಕ್ಕದಾಗ ಬರ್ತಾವ. ಇಂಥವನ್ನ ಖಾಸಗಿ ಮಂದಿ ದೇಶದ ಹೊರಗ ಕಳಿಸೋದು ಅಪರಾಧ, ಅದಕ್ಕ ವಿದೇಶದಿಂದ ಯಾರಾದ್ರೂ ನಿಮ್ಮ ಸಿಕ್ಕಾ ಕೇಳಿದ್ರ ಹೂಂ ಅನ್ನಬ್ಯಾಡ್ರಿ.

ಹಂಗಂತ ಹರಾಜು ಕೆಟ್ಟದ್ದು ಅಂತ ನಾ ಹೇಳ್ಲತ್ತಿಲ್ಲ. ಮುಂಬೈ, ಬೆಂಗಳೂರು, ಅಹಮದಾಬಾದಿನಾಗ ಹೆಸರು ಮಾಡಿದ ಹರಾಜು ಕಂಪನಿ ಅವ, ಕ್ಯಾಟಲಾಗ್ ಮಾಡ್ತಾರ, ತೂಕ ಬರೀತಾರ, ಹರಾಜಿಗೆ ಮೊದಲು ಸಿಕ್ಕಾ ಕೈಯಾಗ ನೋಡ್ಲಿಕ್ಕ ಕೊಡ್ತಾರ, ನಕಲಿ ಅಂತ ಇಂತಿಷ್ಟು ದಿನದಾಗ ಸಾಬೀತಾದ್ರ ವಾಪಸ್ ತಗೋತಾರ. ಇವರಾಗ ಭಾಳ ಮಂದಿ ಮೂಲದಾಗ ಡೀಲರುಗಳೇ. ಹೆಸರಿಲ್ಲದ, ನಿನ್ನೆ ಖಾತೆ ತೆರೆದ ಮಾರಾಟಗಾರ ಆಪಿನ ಮ್ಯಾಲ ಮಾಡೋ ಹರಾಜಿಗೂ ಇದಕ್ಕೂ ಸಂಬಂಧ ಇಲ್ಲ. ಹಂಗಾಗಿ ಆನ್‌ಲೈನೋ ದುಕಾನೋ ಅಂತ ಕೇಳೋಕಿಂತ ನಾಳೆ ಜವಾಬ್ದಾರಿ ಯಾರದು ಅಂತ ಕೇಳ್ರಿ. ಲಾಟ್ ಅಂತ ಇಪ್ಪತ್ತು ಮೂವತ್ತು ಸಿಕ್ಕಾ ಕೂಡಿಸಿ ಮಾರೋದಕ್ಕ ಸಾಮಾನ್ಯವಾಗಿ ವಾಪಸ್ ಇರಂಗಿಲ್ಲ, ಹೊಸಬರು ಅದರ ಹತ್ರ ಹೋಗಬಾರ್ದು.

ಈಗಿಂದೀಗ ಹರಾಜು ನಿಮಗ ಒಂದು ಉಪಯೋಗಕ್ಕ ಬರ್ತದ, ಅದೂ ಪುಕ್ಕಟೆ. ಆ ಕಂಪನಿಗಳ ಸೈಟಿನಾಗ ಹಿಂದಿನ ಹರಾಜಿನಾಗ ಯಾವ ಸಿಕ್ಕಾ ಎಷ್ಟಕ್ಕ ಹೋಯ್ತು ಅಂತ ಪಟ್ಟಿ ಇರ್ತದ. ನಿಮಗ ಬೇಕಾದ ಇಸ್ವಿ, ಅದೇ ಕಂಡೀಷನ್ ಹುಡುಕಿ ನಾಕೈದು ರೇಟ್ ಬರಕೊಂಡು ಡೀಲರ್ ಮುಂದ ಕುಂದ್ರಿ, ಮಾತು ಬ್ಯಾರೆನೇ ಆಗ್ತದ. ಸೆಟ್ ಮುಕ್ಕಾಲು ತುಂಬಿ, ಡೀಲರ್ ಹತ್ರ ಇಲ್ಲದ ಅಪರೂಪದ ಇಸ್ವಿ ಉಳಿದಾಗ ಬಿಡ್ ಹಾಕ್ರಿ, ಪ್ರೀಮಿಯಂ ಟ್ಯಾಕ್ಸ್ ಎಲ್ಲಾ ಹಿಡಿದು ನಿಮ್ಮ ಕಡೀ ಮೊತ್ತ ಹಗಲಿನಾಗೇ ಚೀಟಿ ಮ್ಯಾಲ ಬರ್ದು, ಅದನ್ನೇ ಮ್ಯಾಕ್ಸಿಮಮ್ ಬಿಡ್ ಅಂತ ಹಾಕಿ ಮೊಬೈಲ್ ಕೆಳಗ ಇಡ್ರಿ.

ಹೈದರಾಬಾದಿಗೆ ಹೋದಾಗ ಪಬ್ಲಿಕ್ ಗಾರ್ಡನಿನ ಸ್ಟೇಟ್ ಮ್ಯೂಸಿಯಂ, ಸೈಫಾಬಾದ್ ಟಂಕಸಾಲಿಯ ಮ್ಯೂಸಿಯಂ ಎರಡೂ ನೋಡಿ ಆಮ್ಯಾಲ ದುಕಾನಕ್ಕ ಹೋಗ್ರಿ. ಅಸಲಿ ಹ್ಯಾಂಗಿರ್ತದ ಅಂತ ಕಣ್ಣಿಗೆ ಕೂತ್ರ ಅರ್ಧ ಕೆಲಸ ಆದಂಗ.

ಪ್ರಶ್ನೆ: ಬೀದರಿನಿಂದ ಬರೀಲತ್ತೀನ್ರಿ. ಔರಾದ ಕಡಿಯವ ಒಬ್ಬವ, ಹೊಲ ಹೊಡೆಯುವಾಗ ಗಡಿಗಿ ಸಿಕ್ಕಾದ, ಒಳಗ ಬಹಮನಿ ಸುಲ್ತಾನರ ಸಿಕ್ಕಾ ಅವ, ಯಾರಿಗೂ ಹೇಳಬ್ಯಾಡ್ರಿ, ಅಂಗಡಿ ರೇಟಿನ ಕಾಲು ಭಾಗಕ್ಕ ಕೊಡ್ತೀನಿ ಅಂತಾನ. ತಗೋಬಹುದೇನು?

ಉತ್ತರ: ಬ್ಯಾಡ್ರಿ, ಖಂಡಿತ ಬ್ಯಾಡ. ಇದರಾಗ ಎರಡೇ ದಾರಿ ಅವ. ಅವ ಹೇಳಿದ್ದು ಸುಳ್ಳಾದ್ರ ನಿಮ್ಮ ರೊಕ್ಕ ಹೋಯ್ತು, ಹೊಲದಾಗ ಸಿಕ್ಕಾದ ಅನ್ನೋ ಕಥಿ ಹೇಳೇ ನಕಲಿ ಮಾರೋರು ಭಾಳ ಅದಾರ, ಹಸಿರು ಕಿಲುಬು ಬರೋ ಹಂಗ ಕೆಮಿಕಲ್ ಹಚ್ಚಿ ಮಣ್ಣು ಮೆತ್ತಿ ತರ್ತಾರ. ಖರೇನೇ ಆದ್ರ ಇನ್ನೂ ಕಷ್ಟ, ನೆಲದಾಗ ಸಿಕ್ಕ ನಿಧಿ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾನೂನು ಅದ, ನಮ್ಮ ರಾಜ್ಯದ್ದೇ 1962ರ ನಿಧಿ ಕಾಯ್ದೆ ಅದ, ಮುಚ್ಚಿಟ್ಟವನ ಜೋಡಿ ಗೊತ್ತಿದ್ದೂ ತಗೊಂಡವರೂ ಕೇಸಿನಾಗ ಸಿಗ್ತಾರ.

ಕಾನೂನು ಬಿಡ್ರಿ, ಆ ಗಡಿಗಿ ಒಡೆದು ಹತ್ತು ಮಂದಿ ಕೈಗೆ ಹೋದ್ರ ಏನು ಹಾಳಾಗ್ತದ ಅಂತ ಒಂದು ಮಾತು ಹೇಳ್ತೀನಿ, ಯಾಕಂದ್ರ ನನಗ ಇದು ಭಾಳ ಸಂಕಟದ ವಿಷಯ. 1347ರಾಗ ಶುರುವಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ನಮ್ಮ ಕಲಬುರಗಿ, ಸಿಕ್ಕಾ ಮ್ಯಾಲ ಅಹಸನಾಬಾದ್ ಅಂತ ಬರ್ತಿತ್ತು. ಅಹ್ಮದ್ ಶಾಹ ವಲಿ ಕಾಲದಾಗ ರಾಜಧಾನಿ ಬೀದರಿಗೆ ಹೋಯ್ತು, ಆಮ್ಯಾಲ ಮುಹಮ್ಮದಾಬಾದ್ ಅಂತ ಬರ್ತದ. ಯಾವ ಹೊಲದಾಗ, ಎಷ್ಟು ಆಳದಾಗ, ಯಾವ ಸುಲ್ತಾನನ ಸಿಕ್ಕಾ ಯಾವುದರ ಜೋಡಿ ಇದ್ದವು ಅನ್ನೋದು ಕೂಡಿದ್ರೇನೇ ಅದು ಯಾವಾಗ, ಯಾವ ಗಲಾಟಿಯಾಗ ಹೂತಿಟ್ಟಿದ್ದು ಅಂತ ಹೇಳ್ಲಿಕ್ಕ ಬರೋದು. ಬಿಡಿ ಬಿಡಿ ಮಾರಿದ್ರ ಬರೇ ತಾಮ್ರ ಬೆಳ್ಳಿ ಉಳೀತದ. ಆ ಮನಷಾಗ ಜಿಲ್ಲಾಧಿಕಾರಿ ಆಫೀಸಿಗೆ ಹೋಗಿ ಬರದು ಕೊಡು ಅಂತ ಹೇಳ್ರಿ, ನಿಧಿ ಕಾಯ್ದೆಯಾಗ ಸಿಕ್ಕವನ ಹಕ್ಕಿನ ಬಗ್ಗೆನೂ ಮಾತು ಅದ. ನಿಮಗ ಬಹಮನಿ ಸಿಕ್ಕಾ ಬೇಕೇ ಬೇಕು ಅಂದ್ರ ಕಡೀಗಾಲದ ಸುಲ್ತಾನರ ತಾಮ್ರದ ಸಿಕ್ಕಾ ಡೀಲರ್ ಹತ್ರ ಬಿಲ್ ಸಮೇತ ಸಿಗ್ತಾವ, ಅವೇನು ಕೈಗೆ ಎಟುಕದ ರೇಟಿನವಲ್ಲ.

ಪ್ರಶ್ನೆ: ನನ್ನ ಹತ್ರ ಮಾತಾ ವೈಷ್ಣೋದೇವಿ ಚಿತ್ರದ 5 ರೂಪಾಯಿ ಕಾಯಿನ್ ಅದ. ಯೂಟ್ಯೂಬಿನಾಗ ಇದಕ್ಕ ಲಕ್ಷಗಟ್ಟಲೇ ಕೊಡ್ತಾರ ಅಂತ ತೋರಿಸ್ಲತ್ತಾರ, ಫೋನ್ ಮಾಡಿದ್ರ ಮೊದ್ಲು ರಿಜಿಸ್ಟ್ರೇಷನ್ ಫೀ ಹಾಕ್ರಿ ಅಂದ್ರು. ಹಾಕ್ಲಾ? ಯಾದಗಿರಿ.

ಉತ್ತರ: ಒಂದು ರೂಪಾಯಿನೂ ಹಾಕಬ್ಯಾಡ್ರಿ ತಂಗಿ. ಅದು ವೈಷ್ಣೋದೇವಿ ಶ್ರೈನ್ ಬೋರ್ಡಿಗೆ 25 ವರ್ಷ ಆದ ನೆನಪಿಗೆ 2012ರಾಗ ಸರಕಾರ ಹೊಡೆಸಿದ ಕಾಯಿನ್, ಭಾಳ ಮಂದಿ ಹತ್ರ ಅದ. ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಾಗ ಹೇಳ್ಯಾದ, ಹಳೇ ನೋಟು ಕಾಯಿನ್ ವ್ಯವಹಾರದಾಗ ನಮ್ಮ ಹೆಸರು ಹೇಳಿ ಫೀ, ಕಮಿಷನ್, ಟ್ಯಾಕ್ಸ್ ಕೇಳ್ಲತ್ತಾರ, ನಾವು ಅಂಥ ವ್ಯವಹಾರ ಮಾಡಂಗಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳೋವ ರೊಕ್ಕ ಕೊಡಬೇಕು, ಕೇಳಬಾರ್ದು. ಈಗಾಗ್ಲೇ ಹಾಕಿದ್ರ ತಡ ಮಾಡದೇ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ. ಹಂಗೇ ರಾಮ ದರ್ಬಾರ್, ಹನುಮಂತನ ಚಿತ್ರ ಇದ್ದು ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರದ ಬಿಲ್ಲಿಗಳು ತಿರುಗ್ಯಾಡ್ತಾವ, ಅವು ಕಂಪನಿಯವರು ಹೊಡೆದ ನಾಣ್ಯಗಳಲ್ಲವೇ ಅಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿಯಾಗ ಸೀಲ್ ಮಾಡಿ ಗ್ರೇಡ್ ಹಾಕಿದ ಸಿಕ್ಕಾ ಆನ್‌ಲೈನಿನಾಗ ತಗೊಂಡ್ರ ಚಿಂತಿ ಇಲ್ಲಲ್ರಿ? ಶಹಾಪುರ.

ಉತ್ತರ: ಚಿಂತಿ ಕಡಿಮಿ ಆಗ್ತದ, ಪೂರ್ತಿ ಹೋಗಂಗಿಲ್ಲ. ಪಿಸಿಜಿಎಸ್, ಎನ್‌ಜಿಸಿ ಅಂತ ಅಮೆರಿಕಾದ ಎರಡು ಕಂಪನಿ ಗ್ರೇಡಿಂಗಿನಾಗ, ಅಂದ್ರ ಸಿಕ್ಕಾ ಅಸಲಿ ಹೌದೋ ಅಲ್ಲೋ, ಎಷ್ಟು ಚಲೋ ಅದ ಅಂತ ನೋಡಿ ದರ್ಜಿ ಕೊಡೋದರಾಗ ದೊಡ್ಡವು. ಡಬ್ಬಿ ಮ್ಯಾಲಿನ ನಂಬರ್ ಅವರ ಸೈಟಿನಾಗ ಹಾಕಿದ್ರ ವಿವರ ಬರ್ತದ, ಫೋಟೋ ಇದ್ರ ನಿಮ್ಮ ಸಿಕ್ಕಾದ ಗೀರು ಕಲಿ ಅದರ ಜೋಡಿ ತಾಳಿ ನೋಡ್ರಿ, ಡಬ್ಬಿನೇ ನಕಲಿ ಮಾಡೋರು ಅದಾರ. ಹೆಸರು ಕೇಳದ ಕಂಪನಿ ಸೀಲಿಗೆ ಕಿಮ್ಮತ್ತಿಲ್ಲ. ಸಾದಾ ಹಾಲಿ ರೂಪಾಯಿಗೆ ಈ ಖರ್ಚು ಬ್ಯಾಡ, ಬ್ರಿಟಿಷ್ ರಾಜ ಜಾರ್ಜ್ ಚಿತ್ರದ 1939ರ ರೂಪಾಯಿ ಅಂಥ, ಭಾಳ ಅಪರೂಪ ಇದ್ದು ನಕಲಿನೂ ಭಾಳ ಬರೋ ಸಿಕ್ಕಾ ಆದ್ರ ಸೀಲ್ ಇಲ್ಲದೇ ತಗೋಬ್ಯಾಡ್ರಿ.

ಪ್ರಶ್ನೆ: ಹಳೇ ಸಿಕ್ಕಾ ಹುಣಸಿಹಣ್ಣಿನಿಂದ ತೊಳೆದ್ರ ಒಳ್ಳೇ ರೇಟ್ ಬರ್ತದಂತ, ಹೌದಾ? ಚಿಂಚೋಳಿ.

ಉತ್ತರ: ಉಲ್ಟಾರೀ ಅಕ್ಕ. ಬೆಳ್ಳಿ ಮ್ಯಾಲಿನ ಕಪ್ಪು ಬಣ್ಣ ವಯಸ್ಸಿಗೆ ಬಂದಿದ್ದು, ಬಲ್ಲವರು ಅದನ್ನೇ ನೋಡಿ ರೊಕ್ಕ ಕೊಡ್ತಾರ. ತಿಕ್ಕಿ ಫಳಫಳ ಮಾಡಿದ್ರ ಅರ್ಧ ಬೆಲಿ ಹೋಗ್ತದ, ತಿರುಗಿ ತರಲಿಕ್ಕ ಬರಂಗಿಲ್ಲ. ಅಂಚಿಗೆ ಹಿಡೀರಿ, ಮೆತ್ತನ ಪಿವಿಸಿ ಚೀಲದಾಗ ಇಡಬ್ಯಾಡ್ರಿ, ಅದು ಹಸಿರು ಅಂಟು ಬಿಡ್ತದ. ಮೈಲಾರ್ ಅನ್ನೋ ತೆಳು ಪ್ಲಾಸ್ಟಿಕ್ ಹಾಳಿ ಹಚ್ಚಿದ ಕಾಯಿನ್ ಹೋಲ್ಡರ್ ಡೀಲರ್ ಹತ್ರಾನೇ ಸಿಗ್ತಾವ, ಅವನ್ನ ತರಸ್ರಿ.