ಕೌಂಟರ್ ಸೊನ್ನೆಗೆ ಬಿದ್ದಲ್ಲಿಂದ ಶುರು ಮಾಡಿ

ನಮಸ್ಕಾರ,

ಕೌಂಟರ್ (ಸರ್ವರ್‌ಗೆ ಬಂದ ರಿಕ್ವೆಸ್ಟ್‌ನಂಥವನ್ನು ಎಣಿಸುತ್ತಾ ಏರುತ್ತಲೇ ಹೋಗುವ ಸಂಖ್ಯೆ) ರೀಡಿಂಗ್‌ಗಳಿಂದ ದರ ಲೆಕ್ಕ ಹಾಕಿ ಗ್ರಾಫ್ ಬರೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮಗೆ ಕೆಲಸ ಗೊತ್ತಿದೆ ಅನ್ನುವುದು ಕಾಣುತ್ತದೆ. ಆದರೆ ಓದುಗರಿಗೆ ಬೇಕಾದದ್ದನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ: 'ಸರ್ವರ್ ರೀಸ್ಟಾರ್ಟ್ ಆದರೆ ಕೌಂಟರ್ ಸೊನ್ನೆಯಾಗುತ್ತದೆ, ಅದನ್ನು ಡೇಟಾಬೇಸೇ ನೋಡಿಕೊಳ್ಳುತ್ತದೆ.' ಹೇಗೆ ನೋಡಿಕೊಳ್ಳುತ್ತದೆ? ಲೇಖನ ಇರುವುದೇ ಅಲ್ಲಿ.

ಟೈಮ್-ಸೀರೀಸ್ ಡೇಟಾಬೇಸ್‌ಗಳ (ಅಳತೆಗಳನ್ನು ಸಮಯದ ಜೊತೆ ಕೂಡಿಡುವಂಥವು) ಹುಟ್ಟು, ಬೆಳವಣಿಗೆ ಅಂತ ಮೂರು ಪ್ಯಾರಾ ಇದೆಯಲ್ಲ, ತೆಗೆದುಬಿಡಿ. ಅಂಕಿಗಳಿಂದಲೇ ಶುರು ಮಾಡಿ. 15 ಸೆಕೆಂಡಿಗೊಮ್ಮೆ ಓದಿದ ರಿಕ್ವೆಸ್ಟ್ ಕೌಂಟರ್ ಹೀಗಿದೆ ಅನ್ನಿ: 9,400, 9,550, 9,700, 60, 210. ಮೊದಲು ಎರಡು ಸಲ 150 ಏರಿದೆ. 15ರಿಂದ ಭಾಗಿಸಿದರೆ ಸೆಕೆಂಡಿಗೆ 10. ಆಮೇಲೆ? ಸುಮ್ನೆ ಕಳೆದರೆ ಮೈನಸ್ 9,640 ಬರುತ್ತದೆ, ಗ್ರಾಫ್ ಪಾತಾಳಕ್ಕೆ ಇಳಿಯುತ್ತದೆ. ಇಂಥದ್ದೇ ಒಂದು ಡೇಟಾಬೇಸ್ ಪ್ರೊಮಿಥಿಯಸ್. ಸೆಕೆಂಡಿಗೆ ಎಷ್ಟು ಏರಿತು ಎಂದು ಲೆಕ್ಕ ಹಾಕುವ ಅದರ ರೇಟ್ ಫಂಕ್ಷನ್ ಹಾಗೆ ಮಾಡುವುದಿಲ್ಲ. ಕೌಂಟರ್ ಇಳಿಯುವಂತಿಲ್ಲ, ಇಳಿದಿದ್ದರೆ ಸೊನ್ನೆಯಿಂದ ಮತ್ತೆ ಶುರುವಾಗಿದೆ ಎಂದುಕೊಂಡು 60 ಅನ್ನೇ ಏರಿಕೆಯಾಗಿ ಹಿಡಿಯುತ್ತದೆ. 9,700 ಓದಿದ ಮೇಲೆ, ಸರ್ವರ್ ಬೀಳುವ ಮುಂಚೆ ಬಂದ ರಿಕ್ವೆಸ್ಟ್‌ಗಳು ಲೆಕ್ಕಕ್ಕೆ ಸಿಗದೆ ಹೋದವು. ಈ ನಷ್ಟದ ಬಗ್ಗೆ ನೀವು ಚಕಾರವೆತ್ತಿಲ್ಲ.

ಇನ್ನು ನಿಜವಾದ ತಪ್ಪಿಗೆ ಬರೋಣ. 'ಎಲ್ಲ ಸರ್ವರ್‌ಗಳ ಕೌಂಟರ್ ಕೂಡಿಸಿ, ಆಮೇಲೆ ರೇಟ್ ಹಾಕಿ' ಎಂದಿದ್ದೀರಿ. ಉಲ್ಟಾ ಆಯಿತು. ಮೇಲಿನ ಸರ್ವರ್ 9,700ರಿಂದ 60ಕ್ಕೆ ಬಿದ್ದ ಅದೇ 15 ಸೆಕೆಂಡಿನಲ್ಲಿ ಇನ್ನೊಂದು ಸರ್ವರ್ 5,000ದಿಂದ 5,150ಕ್ಕೆ ಹೋಯಿತು ಅನ್ನಿ. ಮೊತ್ತ 14,700 ಇದ್ದದ್ದು 5,210 ಆಗುತ್ತದೆ. ಇಳಿದಿದೆಯಲ್ಲ, ರೇಟ್ ಅದನ್ನು ರೀಸೆಟ್ (ಸೊನ್ನೆಯಿಂದ ಮತ್ತೆ ಶುರು) ಎಂದುಕೊಂಡು ಇಡೀ 5,210 ಅನ್ನು ಏರಿಕೆ ಎನ್ನುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 347. ಒಂದೊಂದರ ದರ ತೆಗೆದು ಆಮೇಲೆ ಕೂಡಿಸಿದ್ದರೆ ಬರುತ್ತಿದ್ದದ್ದು 14! ಟ್ರಾಫಿಕ್ ಜಾಸ್ತಿಯಾಯಿತು ಅಂತ ಯಾರೋ ನಡುರಾತ್ರಿ ಎದ್ದು ಕೂರುವುದು ಇಂಥ ಗ್ರಾಫ್ ನೋಡಿಯೇ ಅಲ್ವಾ?

ಒಟ್ಟು ಎಷ್ಟು ಏರಿತು ಎಂದು ಹೇಳುವ ಇನ್‌ಕ್ರೀಸ್ ಫಂಕ್ಷನ್ ದಶಾಂಶ ಸಂಖ್ಯೆ ಕೊಡುವುದು ಬಗ್ ಎಂದು ಬರೆದದ್ದೂ ಸರಿಯಲ್ಲ. ಒಂದು ನಿಮಿಷದ ವಿಂಡೋದಲ್ಲಿ (ಲೆಕ್ಕಕ್ಕೆ ಹಿಡಿಯುವ ಅವಧಿಯಲ್ಲಿ) 15 ಸೆಕೆಂಡಿನ ರೀಡಿಂಗ್ ಸಾಮಾನ್ಯವಾಗಿ ನಾಲ್ಕು ಸಿಗುತ್ತವೆ. ಮೊದಲಿನದಕ್ಕೂ ಕೊನೆಯದಕ್ಕೂ ನಡುವೆ 45 ಸೆಕೆಂಡು ಅಷ್ಟೇ. ಉಳಿದ 15 ಸೆಕೆಂಡಿಗೂ ಅದೇ ವೇಗ ಇತ್ತೆಂದು ಅಂದಾಜು ಹಾಕಿ ಹಿಗ್ಗಿಸುತ್ತದೆ. ಹಾಗಾಗಿ 4 ರಿಕ್ವೆಸ್ಟ್ ಏರಿದ್ದರೂ 5.33 ಎಂದು ತೋರಿಸಬಹುದು. ಬಿಲ್ ಹಾಕಲು ಈ ಸಂಖ್ಯೆ ಬಳಸಬೇಡಿ ಅಂತ ಒಂದು ಮಾತು ಸೇರಿಸಿ. ವಿಂಡೋ ರೀಡಿಂಗ್ ಅಂತರದ ನಾಲ್ಕು ಪಟ್ಟಾದರೂ ಇರಲಿ ಅನ್ನುವುದನ್ನೂ ಇಲ್ಲೇ ಹೇಳಿಬಿಡಿ. ಒಂದು ರೀಡಿಂಗ್ ತಪ್ಪಿದರೂ ಗೆರೆ ಕಡಿದು ಹೋಗುವುದಿಲ್ಲ.

ನೆಟ್‌ವರ್ಕ್ ಪೋರ್ಟ್‌ನ ಉದಾಹರಣೆ ಉಳಿಸಿಕೊಳ್ಳಿ, ಚೆನ್ನಾಗಿದೆ. ಆದರೆ ಅಲ್ಲಿ 32 ಬಿಟ್ ಕೌಂಟರ್ ಇಟ್ಟುಕೊಂಡಿದ್ದೀರಿ. 1 ಗಿಗಾಬಿಟ್ ಲಿಂಕ್ ಪೂರ್ತಿ ವೇಗದಲ್ಲಿ ಓಡಿದರೆ ಆ ಬೈಟ್ ಕೌಂಟರ್ ಸುಮಾರು 34 ಸೆಕೆಂಡಿನಲ್ಲಿ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ನೀವು ಓದುವುದು ನಿಮಿಷಕ್ಕೊಮ್ಮೆ. ನಡುವೆ ಎಷ್ಟು ಸಲ ಸುತ್ತಿತು ಅಂತ ಯಾವ ಫಂಕ್ಷನ್‌ಗೂ ಗೊತ್ತಾಗುವುದಿಲ್ಲ. 64 ಬಿಟ್ ಕೌಂಟರ್‌ಗೆ ಬದಲಾಯಿಸಿ.

ಇಷ್ಟು ತಿದ್ದಿ, ರೀಸೆಟ್ ಇರುವ ಒಂದು ಗ್ರಾಫ್ ಹಾಕಿ. ಅದರ ಕೆಳಗೇ ಮೂಲ ರೀಡಿಂಗ್‌ಗಳೂ ಇರಲಿ. 800 ಪದ ಸಾಕು.

ಇಂತಿ,
ಸಂಪಾದಕ