ಆ ಒಂಬತ್ತು ವರ್ಷ ಬರೆಯಿರಿ

ನಮಸ್ಕಾರ.

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಗಲ್ಲಿಗೆ ಕಾಯುವ ಕೈದಿ, ಅವನನ್ನು ನೋಡಲು ಕೊಳ್ಳೇಗಾಲದ ಕಡೆಯಿಂದ ಬರುವ ತಾಯಿ, ಕೊನೆಯ ರಾತ್ರಿ, ಬೆಳಗಿನ ಜಾವದ ನೇಣು. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೂ ಇಷ್ಟುದ್ದ ಬರೆಯುತ್ತಿದ್ದೇನೆ. ಇದರೊಳಗೆ ಒಂದು ದೊಡ್ಡ ಕತೆ ಇದೆ, ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಆ ಸಾಲು ಮೂರನೇ ಪುಟದಲ್ಲಿದೆ: ‘ನೋಡನೋಡುತ್ತಾ ಒಂಬತ್ತು ವರ್ಷ ಉರುಳಿದವು.’

ಹೊರಗಿದ್ದವರಿಗೆ ಉರುಳಿರಬಹುದು. ಒಳಗಿದ್ದವನಿಗೆ ಹೇಗೆ ಉರುಳುತ್ತವೆ? ನೀವು ಪಾಲಾರ್ ಪ್ರಕರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ ಎಂದು ಪತ್ರದಲ್ಲಿ ಹೇಳಿದ್ದೀರಿ. ಹಾಗಾದರೆ ಅದರ ಲೆಕ್ಕ ನೋಡಿ. ಮಲೆ ಮಹದೇಶ್ವರ ಬೆಟ್ಟದ ಹತ್ತಿರ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದದ್ದು 1993ರ ಏಪ್ರಿಲ್‌ನಲ್ಲಿ. ಭಯೋತ್ಪಾದನೆ ಪ್ರಕರಣಗಳನ್ನು ವಿಚಾರಿಸುವ ಮೈಸೂರಿನ ಟಾಡಾ ಕೋರ್ಟ್ ನಾಲ್ವರಿಗೆ ಜೀವಾವಧಿ ಕೊಟ್ಟದ್ದು 2001ರಲ್ಲಿ. ಅವರು ಮೇಲ್ಮನವಿ ಹಾಕಿದರೆ, 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಹೋಯಿತು. ತಿರಸ್ಕಾರವಾಗಿ ಬಂದದ್ದು 2013ರ ಫೆಬ್ರುವರಿಯಲ್ಲಿ. ಆ ಒಂಬತ್ತು ವರ್ಷದಲ್ಲಿ ಒಬ್ಬರಾದ ಮೇಲೊಬ್ಬರು ರಾಷ್ಟ್ರಪತಿ ಬದಲಾದರು. ಕಡತ ಮಾತ್ರ ಇದ್ದಲ್ಲೇ ಇತ್ತು. ಮರುವರ್ಷ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಒಟ್ಟು 15 ಮಂದಿಯ ಗಲ್ಲು ಜೀವಾವಧಿಗೆ ಇಳಿಯಿತು. ಈ ನಾಲ್ವರೂ ಅದರಲ್ಲಿದ್ದರು. ಕಾರಣ ಇಲ್ಲದ ವಿಳಂಬವೇ ಒಂದು ಹಿಂಸೆ ಎಂದಿತು ಕೋರ್ಟ್.

ನಿಮ್ಮ ಕತೆಯ ಜೀವ ಇರುವುದು ಇಲ್ಲಿ. ನೇಣಿನ ಹಗ್ಗಕ್ಕೆ ಬೆಣ್ಣೆ ಸವರುವುದನ್ನು ನಾವು ಬಹಳ ಓದಿದ್ದೇವೆ. ನ್ಯಾಯಾಧೀಶರು ಪೆನ್ನಿನ ನಿಬ್ಬು ಮುರಿಯುವುದನ್ನೂ ಅಷ್ಟೇ. ಎರಡನ್ನೂ ತೆಗೆಯಿರಿ.

ಇನ್ನು ತಪ್ಪುಗಳು. ಕತೆ ನಡೆಯುವುದು 2016ರಲ್ಲಿ. ರಾತ್ರಿ ಎಂಟಕ್ಕೆ ಜೈಲರ್ ಬಂದು ‘ನಾಳೆ ಬೆಳಿಗ್ಗೆ’ ಎನ್ನುತ್ತಾನೆ. ಹಾಗೆ ಮಾಡುವಂತಿಲ್ಲ. 2014ರ ಅದೇ ತೀರ್ಪಿನ ಪ್ರಕಾರ, ಅರ್ಜಿ ತಿರಸ್ಕಾರವಾದ ಸುದ್ದಿ ಮುಟ್ಟಿಸಿದ ಮೇಲೆ ಕನಿಷ್ಠ 14 ದಿನ ಬಿಡಬೇಕು. ಮನೆಯವರಿಗೂ ತಿಳಿಸಬೇಕು. ಈ ನಿಯಮದ ಹಿಂದೆ ಏನಿದೆ ಗೊತ್ತಾ? 2013ರ ಫೆಬ್ರುವರಿ 9ರಂದು ಸಂಸತ್ ದಾಳಿ ಪ್ರಕರಣದ ಅಫ್ಜಲ್ ಗುರುವನ್ನು ತಿಹಾರ್‌ನಲ್ಲಿ ನೇಣಿಗೆ ಹಾಕಿದರು. ಅವನ ಮನೆಯವರಿಗೆ ಕಳಿಸಿದ ಸ್ಪೀಡ್ ಪೋಸ್ಟ್ ಕಾಶ್ಮೀರ ಮುಟ್ಟಿದ್ದು ಎರಡು ದಿನ ಆದ ಮೇಲೆ. ಅವನ ಅಪರಾಧದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಪೋಸ್ಟ್‌ಮ್ಯಾನ್ ಆ ಲಕೋಟೆ ಕೊಟ್ಟ ಗಳಿಗೆಯನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ನಿಮ್ಮ ಕೈದಿಗೂ ಆ 14 ದಿನ ಕೊಡಿ. ಒಂದು ರಾತ್ರಿಗಿಂತ ಅದರಲ್ಲಿ ಬರೆಯುವುದು ಜಾಸ್ತಿ ಇದೆ.

ಅವನನ್ನು ನೀವು ಮೊದಲ ದಿನದಿಂದ ಒಂಟಿ ಕೋಣೆಯಲ್ಲಿ ಇಟ್ಟಿದ್ದೀರಿ. ಹಾಗೆ ಇಟ್ಟದ್ದುಂಟು, ನಿಜ. ಆದರೆ ಅದು ಕಾನೂನುಬಾಹಿರ ಎಂಬುದು ಕತೆಯಲ್ಲಿ ಯಾರಿಗೂ ಗೊತ್ತೇ ಇಲ್ಲ. ಬೆಳಗಾವಿ ಜೈಲಿನಲ್ಲೇ ಸುಮಾರು ಹತ್ತು ವರ್ಷ ಒಂಟಿ ಸೆರೆಯಲ್ಲಿದ್ದ ಕೈದಿಯೊಬ್ಬನ ಗಲ್ಲನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಇಳಿಸಿ, ಕನಿಷ್ಠ 30 ವರ್ಷದ ಜೈಲು ಎಂದಿತು. ಹೊತ್ತು ಕಳೆಯಲು ಗೋಡೆಯ ಇರುವೆ ಎಣಿಸುತ್ತಿದ್ದ ಎಂದಷ್ಟೇ ಬರೆದಿದ್ದೀರಿ. ಐದನೇ ವರ್ಷಕ್ಕೆ ಅವನ ಮಾತು ಏನಾಗಿರುತ್ತದೆ? ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಲು ಎಷ್ಟು ಹೊತ್ತು ಬೇಕು? ಅದನ್ನು ಬರೆಯಿರಿ.

ವಕೀಲರ ಭಾಷಣ ಒಂದೂವರೆ ಪುಟ ಇದೆ. ಪೂರ್ತಿ ಹೋಗಲಿ. ಗಲ್ಲು ಬೇಕೋ ಬೇಡವೋ ಎಂದು ಓದುಗರಿಗೆ ಪಾಠ ಮಾಡಲು ಕತೆ ಬೇಕಿಲ್ಲ. ಜೊತೆಗೆ, ಕೊನೆಯ ಭಾಗದಲ್ಲಿ 2025ಕ್ಕೆ ಬಂದು ಅವರು ಹೇಳುವ ‘ಹೊಸ ಕಾನೂನು ಬಂದಿದೆ, ಇನ್ನು ಯಾರೂ ಕಾಯಬೇಕಿಲ್ಲ’ ಎಂಬ ಮಾತು ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ, ಕೈದಿ 30 ದಿನದೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ. ರಾಷ್ಟ್ರಪತಿ ಇಷ್ಟೇ ದಿನದಲ್ಲಿ ತೀರ್ಮಾನಿಸಬೇಕು ಎನ್ನುವುದಿಲ್ಲ. ಕೈದಿಗೆ ಗಡುವಿದೆ, ರಾಷ್ಟ್ರಪತಿಗೆ ಇಲ್ಲ. ಮೇಲಾಗಿ, ಆ ತೀರ್ಮಾನವನ್ನು ಯಾವ ಕೋರ್ಟೂ ಕೇಳುವಂತಿಲ್ಲ ಎಂದೂ ಬರೆದಿದ್ದಾರೆ. ಪಾಲಾರ್‌ನ ನಾಲ್ವರು ಗಲ್ಲಿನಿಂದ ಪಾರಾದದ್ದು ಅದೇ ಬಾಗಿಲಿನಿಂದ. ಆ ಬಾಗಿಲು ಮುಚ್ಚಿದರೆ ಮುಂದಿನವರ ಗತಿ ಏನು ಎಂಬ ಚಿಂತೆ ನನಗಿದೆ.

ಈಗ ತಾಯಿ. ನಿಮ್ಮ ಕೈ ನಿಜವಾಗಿ ಓಡಿರುವುದು ಇಲ್ಲಿ. ವರ್ಷಕ್ಕೊಂದು ಸಲ, ರಾಜ್ಯದ ಆ ತುದಿಯಿಂದ ಈ ತುದಿಗೆ, ಮಡಿಲಲ್ಲಿ ರಾಗಿ ಹುರಿಹಿಟ್ಟಿನ ಗಂಟು. ಜೈಲಿನವರು ಹಿಟ್ಟನ್ನು ಒಳಗೆ ಬಿಡುವುದಿಲ್ಲ. ಅವಳು ಗೇಟಿನ ಎದುರು ಕಲ್ಲಿನ ಮೇಲೆ ಕೂತು ಅದನ್ನೇ ಕಲಸಿ ತಿಂದು ವಾಪಸ್ ಬಸ್ ಹತ್ತುತ್ತಾಳೆ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆದರೆ ಅವಳ ಬಾಯಲ್ಲಿ ‘ಪತ್ರ ಬಂದಿದೆಯೇ ಸ್ವಾಮಿ?’ ಎಂದು ಹೇಳಿಸಿದ್ದೀರಿ. ಕೊಳ್ಳೇಗಾಲದ ಹೆಂಗಸು ಹಾಗೆ ಕೇಳುತ್ತಾಳಾ? ‘ಕಾಗ್ದ ಬಂದದಾ ಸಾ?’ ಅನ್ನುತ್ತಾಳೆ. ಬೆಳಗಾವಿಯ ವಾರ್ಡರ್ ‘ಇನ್ನಾ ಬಂದಿಲ್ಲಬೇ ಯವ್ವಾ’ ಅನ್ನುತ್ತಾನೆ. ಇಬ್ಬರದೂ ಕನ್ನಡವೇ, ಆದರೂ ಮೊದಲ ಸಲ ಒಬ್ಬರ ಮಾತು ಒಬ್ಬರಿಗೆ ಅರ್ಧವೇ ತಿಳಿಯುತ್ತದೆ. ಏಳನೇ ವರ್ಷಕ್ಕೆ ಅವನು ಅವಳು ಕೇಳುವ ಮೊದಲೇ ತಲೆ ಆಡಿಸುತ್ತಾನೆ. ಬರದಿದ್ದರೆ ಒಳ್ಳೆಯದೋ, ಬಂದರೆ ಒಳ್ಳೆಯದೋ, ಅವಳಿಗೇ ಗೊತ್ತಿಲ್ಲ.

ಒಂದು ಕೊರತೆ ನನ್ನನ್ನು ಜಾಸ್ತಿ ಕಾಡಿತು. ಸತ್ತವರ ಮನೆಯವರು ಕತೆಯಲ್ಲಿ ಎಲ್ಲೂ ಇಲ್ಲ. ಅವರೂ ಅಷ್ಟೇ ವರ್ಷ ಕಾದಿದ್ದಾರೆ, ಅವರನ್ನೂ ಯಾರೂ ವಿಚಾರಿಸಿಲ್ಲ. ಒಬ್ಬ ಕಾನ್‌ಸ್ಟೆಬಲ್ಲಿನ ಹೆಂಡತಿಯನ್ನಾದರೂ ತನ್ನಿ. ಅವಳು ಕ್ಷಮಿಸಬೇಕಿಲ್ಲ. ಗಲ್ಲು ಆಗಲೇಬೇಕು ಎನ್ನಲಿ, ಅವಳ ಮಾತನ್ನು ಪೂರ್ತಿ ಕೇಳಿ ಬರೆಯಿರಿ.

ಅವಸರ ಬೇಡ, ಮೂರು ತಿಂಗಳು ತೆಗೆದುಕೊಳ್ಳಿ. ಗೇಟಿನ ಎದುರಿನ ಆ ಕಲ್ಲಿನಿಂದ ಶುರು ಮಾಡಿ ನನಗೇ ಕಳಿಸಿ. ನಾನು ಓದುತ್ತೇನೆ.